ಬೈಯುವ ಪಾಳಿ

ಬೆಳಿಗ್ಗೆ ಏಳೂವರೆಗೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಡುವ ಪ್ರೈವೇಟ್ ಬಸ್ಸಿನಲ್ಲಿ ನೀವು ಯಾವತ್ತಾದರೂ ಹೋಗಿದ್ದರೆ ಪುಷ್ಪಮ್ಮನನ್ನು ನೋಡಿಯೇ ಇರುತ್ತೀರಿ. ಎಲ್ಲರೂ ಹತ್ತಿದ ಕೂಡಲೇ ಸೀಟು ಹಿಡಿಯಲು ಓಡಿದರೆ, ಅವಳು ಮಾತ್ರ ನಿಂತುಕೊಂಡು ಸೀಟನ್ನು ಎರಡು ಬೆರಳಿನಲ್ಲಿ ಚಿವುಟಿ ನೋಡುತ್ತಾಳೆ. ಫೋಮು ಚೆನ್ನಾಗಿದ್ದರೆ ಸುಮ್ಮನೆ ಕೂರುತ್ತಾಳೆ. ಇಲ್ಲದಿದ್ದರೆ ಕಂಡಕ್ಟರನನ್ನು ಕರೆದು, "ಏನ್ ಮಾರಾಯ, ಇದು ಸೀಟೋ, ಶಿಕ್ಷೆಯೋ?" ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ವಿಚಾರಿಸುತ್ತಾಳೆ. ಆ ಕಂಡಕ್ಟರು ಈಗೀಗ ಅವಳು ಬಾಯಿ ತೆರೆಯುವ ಮುಂಚೆಯೇ "ಮುಂದಿನ ತಿಂಗಳು ಬದಲಾಯಿಸ್ತೀವಿ ಪುಷ್ಪಕ್ಕ" ಎಂದು ಹೇಳಿಬಿಡುತ್ತಾನೆ. ಹಾಗೆ ಹೇಳಲು ಶುರುಮಾಡಿ ನಾಲ್ಕು ವರ್ಷವಾಯಿತು.

ಪುಷ್ಪಮ್ಮನಿಗೆ ಐವತ್ನಾಲ್ಕು ವರ್ಷ. ಸವಳಂಗ ರಸ್ತೆಯ ಒಂದು ಅಡ್ಡದಾರಿಯಲ್ಲಿ ಬಸ್ಸುಗಳಿಗೆ ಬಾಡಿ ಕಟ್ಟುವ ಷೆಡ್ಡೊಂದಿದೆ. ಅಲ್ಲಿ ಇಪ್ಪತ್ನಾಲ್ಕು ವರ್ಷದಿಂದ ಸೀಟು ಹೊಲಿಯುವುದು ಅವಳ ಕೆಲಸ. ಹಳೇ ಬಸ್ಸು ಬಂದರೆ ಅದರ ತುಕ್ಕು ಹಿಡಿದ ಮೈಯನ್ನೆಲ್ಲ ಕಿತ್ತು, ಗಾಲಿ, ಎಂಜಿನ್ನು, ಸ್ಟೀರಿಂಗು ಮಾತ್ರ ಉಳಿಸಿಕೊಂಡು, ಹೊಸದಾಗಿ ಕಂಬಿ ನಿಲ್ಲಿಸಿ, ತಗಡು ಹೊದಿಸಿ, ಬಣ್ಣ ಬಳಿದು ಕೊಡುತ್ತಾರೆ. ಉಳಿದವರೆಲ್ಲ ತಾವು ಬಸ್ಸು ಕಟ್ಟುತ್ತೇವೆ ಅಂದುಕೊಂಡಿದ್ದಾರೆ. ಜನ ಕೂರುವುದು ಸೀಟಿನ ಮೇಲೆ, ಉಳಿದದ್ದೆಲ್ಲ ಬರೀ ಬೇಲಿ ಎಂಬುದು ಪುಷ್ಪಮ್ಮನ ಅಭಿಪ್ರಾಯ.

ಆ ಷೆಡ್ಡಿನ ಯಜಮಾನರು ಶ್ರೀನಿವಾಸಮೂರ್ತಿ. ಅವರ ತಂದೆ ಸಂಸ್ಕೃತ ಪಾಠಶಾಲೆಯ ಮೇಷ್ಟರು. ಮಗ ಗ್ರೀಸಿನ ಕಸುಬಿಗೆ ಇಳಿದರೂ ನಾಲಿಗೆಗೆ ಗ್ರೀಸು ಮೆತ್ತಲು ಬಿಡಲಿಲ್ಲ. ಬೆಳಿಗ್ಗೆ ಹತ್ತೂವರೆಗೆ ಸರಿಯಾಗಿ ಕಾಫಿಯ ಲೋಟ ಕೆಳಗಿಟ್ಟು, ಪಂಚೆಯ ತುದಿಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಒಮ್ಮೆ ಕೆಮ್ಮಿ, ಷೆಡ್ಡಿನ ಈ ತುದಿಯಿಂದ ಆ ತುದಿಯವರೆಗೆ ಬೈದುಕೊಂಡು ಹೋಗುತ್ತಿದ್ದರು. ಯಾರ ಅಪ್ಪ ಅಮ್ಮನ ಸುದ್ದಿಯನ್ನೂ ಎತ್ತುತ್ತಿರಲಿಲ್ಲ. "ಯೋಗರಾಜ, ನಿನ್ನ ವೆಲ್ಡಿಂಗ್ ನೋಡಿದ್ರೆ ನನಗೆ ವೈರಾಗ್ಯ ಬರತ್ತೆ ಕಣಯ್ಯ" ಎನ್ನುತ್ತಿದ್ದರು. "ಪುಷ್ಪಮ್ಮ, ಇದು ಹೊಲಿಗೆಯೋ, ಇರುವೆ ಸಾಲೋ? ಇರುವೆಯಾದ್ರೂ ನೆಟ್ಟಗೆ ಹೋಗತ್ತೆ" ಎನ್ನುತ್ತಿದ್ದರು. ಸೀಟಿಗೆ ಫೋಮು ತುಂಬುವಾಗ ಮಾತ್ರ ಪಕ್ಕದಲ್ಲೇ ನಿಂತಿರುತ್ತಿದ್ದರು. "ಮೂರಿಂಚು. ಮೂರಿಂಚಿಗಿಂತ ಒಂದು ಎಳೆ ಜಾಸ್ತಿ ಹಾಕಿದ್ರೂ ನಾನು ಕಾವಿ ಉಟ್ಟು ಹೋಗ್ಬೇಕಾಗತ್ತೆ." ಯಾಕೆ ಮೂರು ಎಂದು ಒಂದು ದಿನವೂ ಹೇಳಲಿಲ್ಲ. ಮುದುಕನ ಜಿಪುಣತನ ಎಂದು ಪುಷ್ಪಮ್ಮ ತೀರ್ಮಾನಿಸಿಕೊಂಡಳು.

ಅವರ ಇನ್ನೊಂದು ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು. ರಜೆ ಕೇಳಿದರೆ ಸಾಕು, ಮುಖ ನೋಡದೆ "ಅರ್ಜಿ ಬರೆದುಕೊಡು, ನೋಡೋಣ" ಎನ್ನುತ್ತಿದ್ದರು. ಅಪ್ಪ ತೀರಿಕೊಂಡ ಸುದ್ದಿ ಬಂದ ದಿನವೂ ಅದನ್ನೇ ಅಂದರು. ಪುಷ್ಪಮ್ಮ ಟೂಲ್ ಬಾಕ್ಸಿನ ಮೇಲೆ ಕುಳಿತು, ಕಾರಣ ಎಂಬ ಕಡೆ "ಅಪ್ಪ ತೀರಿಕೊಂಡರು" ಎಂದು ಬರೆದು ಕೊಟ್ಟಿದ್ದಳು. ರಜೆಯೇನೋ ಸಿಕ್ಕಿತು. ಆದರೆ ಆ ಕಾಗದವನ್ನು ಅವಳು ಮರೆಯಲಿಲ್ಲ.

ಮರೆಯದೆ ಏನು ಮಾಡಿದಳು ಅಂದರೆ, ಅವರನ್ನು ಅಣಕಿಸುವುದನ್ನು ಕಲಿತಳು. ಅದು ಅವಳಿಗೆ ಕಷ್ಟವೇನಲ್ಲ. ಅವಳು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಅಲ್ಲಿ ಒಂದು ನಲ್ಲಿಯ ಮುಂದೆ ತಮಿಳು, ತೆಲುಗು, ಉರ್ದು, ಕನ್ನಡ ನಾಲ್ಕೂ ಬಿಂದಿಗೆ ಹಿಡಿದು ನಿಂತಿರುತ್ತಿದ್ದವು. ಮನೆಯಲ್ಲಿ ಅವಳ ತಾಯಿಗೆ ತಮಿಳು ಬಿಟ್ಟು ಬೇರೆ ಬಾರದು. ಹಾಗಾಗಿ ಹತ್ತು ವರ್ಷದ ಪುಷ್ಪ ತಾಯಿಯ ಪರವಾಗಿ ಯಾರ ಹತ್ತಿರ ಜಗಳವೋ ಅವರದೇ ಭಾಷೆಯಲ್ಲಿ, ಅವರದೇ ದನಿಯಲ್ಲಿ ಜಗಳವಾಡುತ್ತಿದ್ದಳು. ತಮ್ಮದೇ ದನಿ ಎದುರಿನಿಂದ ಬಂದಾಗ ಎಂಥವರೂ ಒಂದು ಬಿಂದಿಗೆಯಷ್ಟು ಹೊತ್ತು ತಬ್ಬಿಬ್ಬಾಗುತ್ತಾರೆ. ಅಷ್ಟರಲ್ಲಿ ಅವಳ ಬಿಂದಿಗೆ ತುಂಬಿರುತ್ತಿತ್ತು. ಷೆಡ್ಡಿನಲ್ಲೂ ಹಾಗೆಯೇ, ಶ್ರೀನಿವಾಸಮೂರ್ತಿ ಊಟಕ್ಕೆ ಆಲ್ಕೊಳದ ಮನೆಗೆ ಹೋದ ಮೇಲೆ, ಪುಷ್ಪಮ್ಮ ಸೆರಗಿನ ತುದಿಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ಒಂದು ಸುತ್ತು ಬರುತ್ತಿದ್ದಳು. ನಕ್ಕು ನಕ್ಕು ಎಲ್ಲರಿಗೂ ಅನ್ನ ನೆತ್ತಿಗೆ ಹತ್ತುತ್ತಿತ್ತು.

ಹೀಗಿರುವಾಗ ಎರಡು ವರ್ಷದ ಹಿಂದೆ, ಯುಗಾದಿಗೆ ಒಂದು ವಾರವಿದೆ ಎನ್ನುವಾಗ, ಶ್ರೀನಿವಾಸಮೂರ್ತಿ ಏಳೂ ಜನ ಕೆಲಸಗಾರರನ್ನು ಕರೆದು, ಷೆಡ್ಡು ಮುಚ್ಚುತ್ತೇನೆ ಎಂದರು. ತಮಗೆ ಎಪ್ಪತ್ಮೂರಾಯಿತು, ಅಳಿಯ ನಿರಂಜನ ಈ ಜಾಗವನ್ನು ಗೋಡೌನಿಗೆ ಕೇಳುತ್ತಿದ್ದಾನೆ ಎಂದರು. ಎಲ್ಲರ ತಲೆಯಲ್ಲೂ ಒಂದೇ ಪ್ರಶ್ನೆ. ಐವತ್ತು ದಾಟಿದ ಟಿಂಕರನನ್ನು, ವೆಲ್ಡರನನ್ನು, ಸೀಟು ಹೊಲಿಯುವವಳನ್ನು ಇನ್ನು ಯಾರು ಕರೆಯುತ್ತಾರೆ? ಪುಷ್ಪಮ್ಮನ ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ಬಾಗಿಲು ಹಾಕೋದಾದ್ರೆ ಹಾಕಿ ಸಾರ್. ಬೀಗದಕೈ ನಮಗೆ ಕೊಟ್ಟು ಹೋಗಿ, ನಾವೇ ನಡೆಸ್ತೀವಿ" ಎಂದಳು.

ಅವಳು ಹೇಳಿದ್ದು ತಮಾಷೆಗೆ. ಆದರೆ ಶ್ರೀನಿವಾಸಮೂರ್ತಿಗೆ ರೇಗಿತು. "ನೀವು? ನೀವು ನಡೆಸೋದು? ತಗೋ ಬೀಗದಕೈ! ಆಯುಧ ಪೂಜೆವರೆಗೆ ಟೈಮು. ಕೊಟ್ರಬಸಪ್ಪನದು ಕುಂಸಿಗೆ ಓಡೋ ಬಸ್ಸು ಬರತ್ತಲ್ಲ, ಪೂಜೆ ದಿನ ಅವನು ಒಪ್ಕೊಂಡು ತಗೊಂಡು ಹೋಗೋ ಹಾಗೆ ಕಟ್ಟಿ ತೋರ್ಸಿ. ತೋರಿಸಿದ್ರೆ ಐದು ವರ್ಷ ಬಾಡಿಗೆಗೆ ಕರಾರು ಬರ್ಕೊಡ್ತೀನಿ. ಇಲ್ದಿದ್ರೆ ಬೀಗದಕೈ ನಿರಂಜನನಿಗೆ."

ಬೀಗದಕೈ ಕೈಗೆ ಬಂದ ಮೇಲೆ ತಮಾಷೆ ತಮಾಷೆಯಾಗಿ ಉಳಿಯಲಿಲ್ಲ. ತಮಗೆ ಬರಬೇಕಾದ ಹಣದ ಬದಲು ಯಂತ್ರಗಳನ್ನು ಬಿಡಿಸಿಕೊಂಡು, ಏಳು ಜನವೂ ಸೇರಿ ಸಂಘ ಮಾಡಿಕೊಂಡರು. ಏಳು ಜನವೂ ಯಜಮಾನರು, ಏಳು ಜನವೂ ಕೆಲಸದವರು. ಮೊದಲ ದಿನ ಶ್ರೀನಿವಾಸಮೂರ್ತಿಯವರ ಕುರ್ಚಿಯಲ್ಲಿ ಸರದಿ ಪ್ರಕಾರ ಒಬ್ಬೊಬ್ಬರೂ ಕುಳಿತು ಫೋಟೊ ತೆಗೆಸಿಕೊಂಡರು. ಭದ್ರಾವತಿಗೆ ವಾಪಸ್ಸು ಹೋಗುವ ಬಸ್ಸಿನಲ್ಲಿ ಪುಷ್ಪಮ್ಮ ಅವತ್ತು ಸೀಟು ಚಿವುಟಲು ಮರೆತಳು.

ತೊಂದರೆ ಶುರುವಾದದ್ದು ಆಮೇಲೆ. ಎಲ್ಲರೂ ಯಜಮಾನರಾದ ಮೇಲೆ ಎಲ್ಲರಿಗೂ ಎಲ್ಲರ ಮೇಲೂ ಮರ್ಯಾದೆ ಹುಟ್ಟಿಬಿಟ್ಟಿತು. ಹದಿನೈದು ವರ್ಷ "ಲೇ ಯೋಗ" ಎಂದು ಕೂಗುತ್ತಿದ್ದವರು "ಯೋಗರಾಜ್ ಅವರೇ" ಎನ್ನತೊಡಗಿದರು. ಯೋಗರಾಜ್ ಬಸ್ಸಿನ ಮುಂಬಾಗಿಲನ್ನು ಕೂರಿಸಿದ. ಅದು ಎರಡು ಬೆರಳಿನಷ್ಟು ಓರೆಯಾಗಿತ್ತು. ಏಳು ಜನವೂ ಅದನ್ನು ನೋಡಿದರು. "ಒಂಥರಾ ಚೆನ್ನಾಗಿದೆ" ಎಂದ ಟಿಂಕರ್ ಪ್ರಸನ್ನಕುಮಾರ್. "ನಿಮಗೆ ಸರಿ ಅನ್ಸಿದ್ರೆ ಸರಿ" ಎಂದಳು ಬಣ್ಣ ಬಳಿದು ಅಕ್ಷರ ಬರೆಯುವ ಸೌಂದರ್ಯ. ಅವಳಿಗೆ ಇಪ್ಪತ್ನಾಲ್ಕು, ಎಲ್ಲರಿಗಿಂತ ಚಿಕ್ಕವಳು. ಯೋಗರಾಜನಿಗೂ ಬಾಗಿಲು ಓರೆಯೆಂದು ಗೊತ್ತಿತ್ತು. ಯಾರಾದರೂ ಹೇಳಿದರೆ ಬಿಚ್ಚೋಣ ಎಂದು ಅವನು ಕಾದ, ಅವನೇ ಬಿಚ್ಚಲಿ ಎಂದು ಉಳಿದವರು ಕಾದರು. ಹೀಗೆ ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತಾ ಮೂರು ತಿಂಗಳು ಕಳೆಯಿತು. ಬಸ್ಸು ಅರ್ಧವೂ ಆಗಿರಲಿಲ್ಲ.

ಒಂದು ದಿನ ಹತ್ತೂವರೆಗೆ ಯೋಗರಾಜ್ ವೆಲ್ಡಿಂಗ್ ಕನ್ನಡಕ ತೆಗೆದು ನಿಟ್ಟುಸಿರು ಬಿಟ್ಟ. "ಈ ಹೊತ್ತಿಗೆ ಬೈಸ್ಕೊಳ್ದೆ ಕೈಯೇ ಓಡಲ್ಲ ಅಕ್ಕ" ಎಂದ.

ಪುಷ್ಪಮ್ಮ ಹೊಲಿಗೆಯನ್ನು ಪಕ್ಕಕ್ಕಿಟ್ಟಳು. ಎದ್ದು ಸೆರಗಿನ ತುದಿಯನ್ನು ಎಡಗೈಯಲ್ಲಿ ಎತ್ತಿ ಹಿಡಿದಳು. "ಯೋಗರಾಜ, ಏನಯ್ಯ ಇದು ಬಾಗಿಲು? ಉತ್ತರಾಯಣದಲ್ಲಿ ತೆಗೆದ್ರೆ ದಕ್ಷಿಣಾಯನದಲ್ಲಿ ಮುಚ್ಚತ್ತೋ? ಕುಂಸಿಗೆ ಹೋಗೋ ಜನ ಪಂಚಾಂಗ ನೋಡ್ಕೊಂಡು ಬಸ್ ಹತ್ಬೇಕೇನಯ್ಯ?"

ಅದೇ ದನಿ, ಅದೇ ಕೆಮ್ಮು. ಷೆಡ್ಡೆಲ್ಲ ನಕ್ಕಿತು. ಯೋಗರಾಜನೂ ನಕ್ಕ, ನಗುತ್ತಲೇ ಬಾಗಿಲು ಬಿಚ್ಚಿದ. ಮಧ್ಯಾಹ್ನದ ಊಟದ ಹೊತ್ತಿಗೆ ಬಾಗಿಲು ನೆಟ್ಟಗಾಗಿತ್ತು. ಅದೇ ಮಾತನ್ನು ಪುಷ್ಪಮ್ಮನ ದನಿಯಲ್ಲಿ ಹೇಳಿದ್ದರೆ ಅವನು ಮೂರು ದಿನ ಮಾತು ಬಿಡುತ್ತಿದ್ದ.

ಅಂದು ಸಂಜೆಯ ಸಭೆಯಲ್ಲಿ ಬೈಯುವುದೂ ಒಂದು ಕೆಲಸ, ಅದನ್ನೂ ಹಂಚಿಕೊಳ್ಳಬೇಕು ಎಂದು ತೀರ್ಮಾನವಾಯಿತು. ವಾರಕ್ಕೊಬ್ಬರ ಪಾಳಿ. ಹತ್ತೂವರೆಗೆ ಒಂದು ಸುತ್ತು. ಸೌಂದರ್ಯ ಒಂದು ನಿಯಮ ಸೇರಿಸಿದಳು: ಯಾವ ಕೆಲಸಕ್ಕೆ ಬೈದರೋ ಆ ಕೆಲಸ ಸರಿಮಾಡಲು ಬೈದವರೂ ಕೈಹಾಕಬೇಕು. ಗೋಡೆಗೆ ಕಪ್ಪು ಹಲಗೆ ನೇತುಹಾಕಿ, ಅವಳೇ ಚಂದದ ಅಕ್ಷರದಲ್ಲಿ "ಈ ವಾರ ಬೈಯುವವರು" ಎಂದೂ, ಅದರ ಕೆಳಗೆ ಆ ನಿಯಮವನ್ನೂ ಬರೆದಳು.

ಹಲಗೆಯೇನೋ ಬಂತು, ಬೈಗುಳ ಎಲ್ಲರಿಗೂ ಬರಬೇಕಲ್ಲ? ಪ್ರಸನ್ನಕುಮಾರ್ ಬೈಯುವ ಮೊದಲೇ ಕ್ಷಮೆ ಕೇಳುತ್ತಿದ್ದ. ಯೋಗರಾಜ್ ತನ್ನ ವಾರ ಪೂರ್ತಿ ತನ್ನನ್ನೇ ಬೈದುಕೊಂಡ. ಸೌಂದರ್ಯ ಬಾಯಿ ತೆರೆದು ಹಾಗೆಯೇ ಮುಚ್ಚಿದಳು. ಕೊನೆಗೆ ಒಬ್ಬೊಬ್ಬರಾಗಿ "ನನ್ನ ಪಾಳಿನೂ ನೀವೇ ಮಾಡಿ ಅಕ್ಕ" ಎಂದು ಪುಷ್ಪಮ್ಮನಿಗೆ ಬಿಟ್ಟುಕೊಟ್ಟರು. ಹಲಗೆಯ ಮೇಲೆ ಯಾರ ಹೆಸರಿದ್ದರೂ ಸುತ್ತು ಬರುವವಳು ಅವಳೇ. ಬಸ್ಸು ಮಾತ್ರ ಕಣ್ಣಿಗೆ ಕಾಣುವ ಹಾಗೆ ಬೆಳೆಯಿತು. ಕಂಬಿ ನಿಂತವು, ತಗಡು ಕೂತಿತು, ಹೊಟ್ಟೆಯ ಉದ್ದಕ್ಕೂ ಹಳದಿ ಪಟ್ಟಿ ಬಂತು. ಪುಷ್ಪಮ್ಮನೂ ಬೆಳೆದಳು. ಇಪ್ಪತ್ತೆರಡು ವರ್ಷ ಬೈಸಿಕೊಂಡವಳಿಗೆ ಬೈಯುವುದು ಇಷ್ಟು ರುಚಿ ಎಂದು ಮೊದಲೇ ಗೊತ್ತಿರಲಿಲ್ಲ.

ಇನ್ನು ಅವಳ ಸ್ವಂತ ಕೆಲಸಕ್ಕೆ ಬರೋಣ. ನಲವತ್ತೆರಡು ಸೀಟು. ಫೋಮಿನ ಹಾಳೆ ಮೂರಿಂಚಿನದು. ಪುಷ್ಪಮ್ಮ ಒಂದರ ಮೇಲೆ ಇನ್ನೊಂದು ಹಾಳೆಯಿಟ್ಟು ಆರಿಂಚು ತುಂಬಿದಳು. ಯಾಕೆ ತುಂಬಬಾರದು? ಈಗ ಯಜಮಾನಿ ತಾನೇ ಅಲ್ಲವೇ? ಜಿಪುಣ ಮುದುಕನ ಕಾಲ ಮುಗಿಯಿತು, ಕುಂಸಿಯ ಜನ ಮೆತ್ತಗೆ ಕೂತು ಹೋಗಲಿ. ಕೆಂಪು ರೆಕ್ಸಿನ್ನು ಹೊದಿಸಿ, ಇರುವೆಯೂ ನಾಚುವಷ್ಟು ನೆಟ್ಟಗೆ ಹೊಲಿದಳು. ಪ್ರತಿ ಸೀಟನ್ನೂ ಎರಡು ಬೆರಳಲ್ಲಿ ಚಿವುಟಿ ತಾನೇ ಮೆಚ್ಚಿಕೊಂಡಳು. ಜೀವಮಾನದಲ್ಲಿ ಅಷ್ಟು ಖುಷಿಯಿಂದ ಅವಳು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಪೂಜೆಗೆ ಎರಡು ದಿನವಿದೆ ಎನ್ನುವಾಗ ಎಲ್ಲರನ್ನೂ ಬಸ್ಸಿಗೆ ಹತ್ತಿಸಿ ಕೂರಿಸಿದಳು. "ಹೇಗಿದೆ?"

"ಸೂಪರ್ ಅಕ್ಕ" ಎಂದ ಯೋಗರಾಜ್. ಎದ್ದು ನಿಲ್ಲುವಾಗ ಅವನ ತಲೆ ಮೇಲಿನ ಲಗೇಜು ಕಂಬಿಗೆ ಠಣ್ ಎಂದು ಬಡಿಯಿತು. ತಲೆ ಉಜ್ಜಿಕೊಳ್ಳುತ್ತಾ "ಏನಿಲ್ಲ, ಏನಿಲ್ಲ" ಎಂದು ಇಳಿದುಹೋದ. ಪ್ರಸನ್ನಕುಮಾರನ ತಲೆಯೂ ಠಣ್ ಎಂದಿತು. "ನನ್ನ ಎತ್ತರದ್ದೇ ತಪ್ಪು" ಎಂದ ಅವನು. ಬೈಯುವವಳಿಗೆ ಬೈಯುವವರು ಯಾರು? ಮತ್ತೆ ಅದೇ ಮರ್ಯಾದೆ ಷೆಡ್ಡಿಗೆ ವಾಪಸ್ಸು ಬಂದಿತ್ತು, ಈ ಸಲ ಅದರ ಕಾರಣ ಪುಷ್ಪಮ್ಮನೇ.

ಸೌಂದರ್ಯ ಮಾತ್ರ ಇಳಿಯಲಿಲ್ಲ. ಗಿಡ್ಡ ಹುಡುಗಿ. ಸೀಟಿನ ಮೇಲೆ ಕೂತರೆ ಅವಳ ಎರಡೂ ಕಾಲು ನೆಲಕ್ಕೆ ಎಟುಕದೆ ಗಾಳಿಯಲ್ಲಿ ಆಡುತ್ತಿದ್ದವು. ಅವಳು ಕಾಲನ್ನು ನೋಡಿಕೊಂಡಳು, ಹೊರಗಿನ ಹಲಗೆಯನ್ನು ನೋಡಿದಳು. "ಈ ವಾರ ಪಾಳಿ ನಂದಲ್ವಾ ಅಕ್ಕ?" ಎಂದಳು.

"ಹೌದು. ಯಾಕೆ?"

ಸೌಂದರ್ಯ ಸೀಟಿನಿಂದ ಧುಮುಕಿ, ಬಗ್ಗಿ, ಅದನ್ನು ಎರಡು ಬೆರಳಲ್ಲಿ ಚಿವುಟಿದಳು. ಆಮೇಲೆ ತಲೆಯನ್ನು ಒಂದು ಕಡೆಗೆ ವಾಲಿಸಿ, ಇಡೀ ಷೆಡ್ಡಿಗೆ ಕೇಳುವ ಹಾಗೆ, "ಏನ್ ಮಾರಾಯ್ತಿ, ಇದು ಸೀಟೋ, ಅಟ್ಟವೋ? ಹತ್ತಕ್ಕೆ ಏಣಿ ಬೇಕು, ಇಳಿಯಕ್ಕೆ ಹೆಲ್ಮೆಟ್ ಬೇಕು. ಕುಂಸಿಗೆ ಹೋಗೋರು ಏನ್ ತಪ್ಪು ಮಾಡಿದಾರೆ ಮಾರಾಯ್ತಿ?" ಎಂದಳು.

ಅದು ಶ್ರೀನಿವಾಸಮೂರ್ತಿಯ ದನಿಯಲ್ಲ. ಸಾಕ್ಷಾತ್ ಪುಷ್ಪಮ್ಮನದು. ನಲ್ಲಿಯ ಮುಂದೆ ಜನ ಯಾಕೆ ತಬ್ಬಿಬ್ಬಾಗುತ್ತಿದ್ದರು ಎಂಬುದು ಅವಳಿಗೆ ಈಗ ಅರ್ಥವಾಯಿತು. ಮೊದಲು ಸಿಟ್ಟು ಬಂತು. ಆಮೇಲೆ ಅಳು ಬಂತು. ಕೂತು ನೋಡಿದಳು, ಎದ್ದು ನೋಡಿದಳು, ಠಣ್ ಎಂದಿತು. ಮೂರಿಂಚು ಜಿಪುಣತನವಲ್ಲ, ಕಾಲು ನೆಲಕ್ಕೆ ಎಟುಕಬೇಕು, ಬಗ್ಗಿ ಏಳುವಾಗ ತಲೆ ಕಂಬಿಗೆ ತಾಗಬಾರದು ಎಂಬ ಲೆಕ್ಕ. ಇಪ್ಪತ್ತೆರಡು ವರ್ಷ ಆ ಮುದುಕ ಸರಿಯಾಗಿಯೇ ಹೇಳುತ್ತಿದ್ದ ಎಂಬುದು ತಲೆಗೆ ಬಿದ್ದ ಪೆಟ್ಟಿಗಿಂತ ಹೆಚ್ಚು ಉರಿಯಿತು. ಸೌಂದರ್ಯ ಅಷ್ಟರಲ್ಲಿ ಹೆದರಿ ಬಾಗಿಲ ಕಡೆ ಸರಿಯುತ್ತಿದ್ದಳು.

"ಚೆನ್ನಾಗೇ ಬೈತೀಯಲ್ಲೇ. ಬಾ ಈಗ, ಬೈದವರು ಕೈಹಾಕ್ಬೇಕು" ಎಂದಳು ಪುಷ್ಪಮ್ಮ.

ನಲವತ್ತೆರಡು ಸೀಟನ್ನೂ ಬಿಚ್ಚಿ, ಒಂದು ಪದರ ತೆಗೆದು, ರೆಕ್ಸಿನ್ನು ಕತ್ತರಿಸಿ ಮತ್ತೆ ಹೊಲಿಯಬೇಕು. ಇರುವುದು ಎರಡು ದಿನ. ಏಳು ಜನವೂ ನೆಲದ ಮೇಲೆ ಬ್ಲೇಡು ಹಿಡಿದು ಕೂತರು. ವೆಲ್ಡಿಂಗ್ ಕೈಗಳು ಹೊಲಿಗೆ ಬಿಚ್ಚುವ ಚಂದ ನೋಡಿ ಪುಷ್ಪಮ್ಮನಿಗೆ ವೈರಾಗ್ಯ ಬಂತು.

ಮರುದಿನ ಹತ್ತೂವರೆಗೆ, ಯಾರೂ ಕರೆಯದಿದ್ದರೂ, ಶ್ರೀನಿವಾಸಮೂರ್ತಿ ಗೇಟಿನಲ್ಲಿ ಕಾಣಿಸಿಕೊಂಡರು. ಎಷ್ಟು ಹಾಳು ಮಾಡಿದ್ದಾರೆ ನೋಡಿಕೊಂಡು ಹೋಗೋಣ ಎಂದು ಬಂದಿದ್ದರು. ಗುಡ್ಡೆಬಿದ್ದ ಫೋಮನ್ನು ನೋಡಿದ್ದೇ ತಡ, ಪಂಚೆಯ ತುದಿ ತಾನಾಗಿ ಎಡಗೈಗೆ ಬಂತು. "ಆರಿಂಚು! ಪುಷ್ಪಮ್ಮ, ಬಸ್ಸು ಕಟ್ಟು ಅಂದ್ರೆ ಶಯನೋತ್ಸವ ಮಾಡಕ್ಕೆ ಹೊರಟಿದೀಯಾ?"

ಏಳು ಜನವೂ ತಲೆಯೆತ್ತಿದರು. ನಿಜ ಹೇಳಬೇಕೆಂದರೆ ಅಸಲಿ ಬೈಗುಳ ಕೇಳಿ ಎಲ್ಲರಿಗೂ ಒಂಥರಾ ಹಿತವಾಯಿತು. ಪುಷ್ಪಮ್ಮ ಏಳಲಿಲ್ಲ. ಕೈಯಲ್ಲಿದ್ದ ಬ್ಲೇಡನ್ನು ಮುಂದೆ ಚಾಚಿದಳು.

"ಇಲ್ಲಿ ಬೈದವರು ಕೈಹಾಕ್ಬೇಕು ಸಾರ್. ಅಲ್ಲಿ ಬರೆದಿದೆ ನೋಡಿ."

ಅವರು ಹಲಗೆ ಓದಿದರು, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದರು. ಬಸ್ಸು ನಾಳೆಗೆ ಆಗದಿದ್ದರೆ ಜಾಗ ಅಳಿಯನಿಗೆ, ಸುಮ್ಮನೆ ತಿರುಗಿ ಹೋಗಿದ್ದರೆ ಸಾಕಿತ್ತು. ಆದರೆ ಕೆಟ್ಟ ಸೀಟನ್ನು ನೋಡಿಕೊಂಡು ಸುಮ್ಮನೆ ಹೋಗುವುದು ಅವರಿಂದ ಆಗುವ ಮಾತಲ್ಲ. ಪಂಚೆ ಮಡಚಿ ಕಟ್ಟಿ ಕೆಳಗೆ ಕೂತರು. ನಲವತ್ತು ವರ್ಷ ಷೆಡ್ಡು ನಡೆಸಿದವರು ಮೊದಲ ಸಲ ಅಲ್ಲಿ ನೆಲದ ಮೇಲೆ ಕೂತದ್ದು. ಹೊಲಿಗೆ ಬಿಚ್ಚಲು ಹೋಗಿ ರೆಕ್ಸಿನ್ನನ್ನೇ ಕೊಯ್ದರು.

"ಇದು ಹೊಲಿಗೆ ಬಿಚ್ಚೋದೋ, ಹಲಸಿನಹಣ್ಣು ಕೊಯ್ಯೋದೋ? ನಿಮ್ಮ ಕೈಗೇನು ಗ್ರಹಣ ಹಿಡಿದಿದೆಯೇ?" ಎಂಬ ದನಿ ಕೇಳಿತು.

ಹೇಳಿದ್ದು ಪುಷ್ಪಮ್ಮ, ದನಿ ಅವರದು. ಅಭ್ಯಾಸಬಲದಿಂದ ಬಾಯಿ ಜಾರಿತ್ತು.

ಶ್ರೀನಿವಾಸಮೂರ್ತಿ ನಿಧಾನವಾಗಿ ತಿರುಗಿದರು. "ಈ ಧ್ವನಿ ಎಲ್ಲೋ ಕೇಳಿದ ಹಾಗಿದೆಯಲ್ಲ" ಎಂದರು. ಆಮೇಲೆ "ನಾನು ಕೆಮ್ಮೋದನ್ನ ನೀನು ಬಿಟ್ಟುಬಿಟ್ಟೆ" ಎಂದು ತಿದ್ದಿದರು. ಯೋಗರಾಜ್ ನಗು ತಡೆಯಲಾರದೆ ಫೋಮಿನ ಗುಡ್ಡೆಯೊಳಗೆ ಮುಖ ಹುದುಗಿಸಿದ. ಅವತ್ತು ಸಂಜೆಯ ಹೊತ್ತಿಗೆ ಅವರು ಮೂರು ಸೀಟು ಬಿಚ್ಚಿದ್ದರು. ಅದರಲ್ಲಿ ಎರಡನ್ನು ಪುಷ್ಪಮ್ಮ ಸರಿಮಾಡಬೇಕಾಯಿತು.

ಆಯುಧ ಪೂಜೆಯ ದಿನ ಬಸ್ಸಿಗೆ ಚೆಂಡುಹೂವಿನ ಹಾರ ಹಾಕಿ, ಬಾಳೆಕಂದು ಕಟ್ಟಿದರು. ಕೊಟ್ರಬಸಪ್ಪ ಬಂದರು. ಆಜಾನುಬಾಹು ಮನುಷ್ಯ. ಜತೆಗೆ ತಮ್ಮ ಪುಟ್ಟ ಗಾತ್ರದ ಹೆಂಡತಿ ದಾಕ್ಷಾಯಣಿಯನ್ನೂ ಕರೆತಂದಿದ್ದರು. ಇಬ್ಬರೂ ಹತ್ತಿ ಅಕ್ಕಪಕ್ಕ ಕೂತರು. ಪುಷ್ಪಮ್ಮ ಹೊರಗಿನಿಂದ ಎರಡನ್ನೇ ನೋಡುತ್ತಿದ್ದಳು, ದಾಕ್ಷಾಯಣಿಯ ಕಾಲು ಮತ್ತು ಕೊಟ್ರಬಸಪ್ಪನವರ ತಲೆ. ಕಾಲು ನೆಲ ಮುಟ್ಟಿತು. ಕೊಟ್ರಬಸಪ್ಪ ಎದ್ದರು. ಠಣ್ ಅನ್ನಲಿಲ್ಲ.

"ಸೀಟು ಭೇಷಾಗಿದಾವೆ. ಯಾರಮ್ಮ ಮಾಡಿದ್ದು?" ಎಂದರು ಕೊಟ್ರಬಸಪ್ಪ.

"ಎಲ್ಲರೂ" ಎಂದಳು ಪುಷ್ಪಮ್ಮ. ಜೀವನದಲ್ಲಿ ಮೊದಲ ಸಲ ಸೀಟಿನ ಹೊಗಳಿಕೆಯನ್ನು ಅವಳು ಹಂಚಿಕೊಂಡಳು, ಅದೂ ಸ್ವಲ್ಪ ಹೊಟ್ಟೆ ಉರಿಸಿಕೊಂಡೇ.

ಕುಂಬಳಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಗಾಲಿ ಹರಿಸಿಕೊಂಡು ಬಸ್ಸು ಹೊರಟುಹೋಯಿತು. ಶ್ರೀನಿವಾಸಮೂರ್ತಿ ಮಾತಿನ ಪ್ರಕಾರ ಐದು ವರ್ಷದ ಕರಾರಿಗೆ ಅಲ್ಲೇ ಸಹಿ ಹಾಕಿದರು. ಕಡ್ಲೆಪುರಿ ತಿಂದು ಮುಗಿದರೂ ಅವರು ಹೊರಡಲಿಲ್ಲ. ಹಲಗೆಯ ಮುಂದೆ ಕೈಕಟ್ಟಿ ನಿಂತು ಕೆಮ್ಮಿದರು.

"ಈ ಪಾಳಿ... ವಾರದಲ್ಲಿ ಒಂದು ದಿನ ಹೊರಗಿನವರಿಗೂ ಕೊಡ್ತೀರೇನು? ಗುರುವಾರ ನನಗೆ ಬಿಡುವಿರತ್ತೆ."

ಪುಷ್ಪಮ್ಮ ಅವರ ಮುಖ ನೋಡಲಿಲ್ಲ. ಸೆರಗಿನ ತುದಿ ಎಡಗೈಗೆ ಬಂದಿತ್ತು. ಈ ಸಲ ಕೆಮ್ಮನ್ನು ಬಿಡಲಿಲ್ಲ. "ಅರ್ಜಿ ಬರೆದುಕೊಡು, ನೋಡೋಣ."

ಅವರು ಟೂಲ್ ಬಾಕ್ಸಿನ ಕಡೆ ನೋಡಿದರು. ಅವರಿಗೆ ಯಾವ ಕಾಗದ ನೆನಪಾಯಿತೋ ಅವಳಿಗೆ ತಿಳಿಯಲಿಲ್ಲ, ಆದರೆ ಯಾವುದೋ ನೆನಪಾಯಿತು ಎಂದು ಮಾತ್ರ ತಿಳಿಯಿತು. "ಅವತ್ತು ಹಾಗೆ ಅನ್ನಬಾರದಿತ್ತು ಕಣಮ್ಮ" ಎಂದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಅದೇ ಟೂಲ್ ಬಾಕ್ಸಿನ ಮೇಲೆ ಕೂತು, ಅಪ್ಪ ಮೇಷ್ಟರು ಕಲಿಸಿದ ಮುತ್ತಿನಂಥ ಅಕ್ಷರದಲ್ಲಿ ಅರ್ಜಿ ಬರೆದರು. ಕಾರಣ ಎಂಬ ಕಡೆ "ಮನೆಯಲ್ಲಿ ಏಳು ದಿನದ ಪಾಳಿಯೂ ನನ್ನ ಧರ್ಮಪತ್ನಿ ಸತ್ಯಭಾಮಾ ಅವರದೇ ಆಗಿರುವುದರಿಂದ" ಎಂದಿತ್ತು.

ಸಭೆ ಅಲ್ಲೇ ಸೇರಿತು. ಆರು ಕೈ ತಕ್ಷಣ ಎದ್ದವು. ಪುಷ್ಪಮ್ಮ ಅರ್ಜಿಯನ್ನು ಇನ್ನೊಂದು ಸಲ ಪೂರ್ತಿ ಓದಿ, ಮಡಚಿ, ರವಿಕೆಯೊಳಗಿನ ಪರ್ಸಿಗೆ ಸೇರಿಸಿ, ಬೇಕೆಂದೇ ತಡಮಾಡಿ ಕೈ ಎತ್ತಿದಳು. ಸೌಂದರ್ಯ ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಕೆಳತುದಿಯಲ್ಲಿ ಬರೆದಳು: "ಗುರುವಾರ – ಶ್ರೀನಿವಾಸಮೂರ್ತಿ. ಹೊಸಬರು, ಹೊಲಿಗೆ ಬಿಚ್ಚುವುದನ್ನು ಕಲಿಯುತ್ತಿದ್ದಾರೆ."